ಇಂಡಿಕೇಟರ್‌ಗೆ ಯಾವ ದ್ರವ ಹಾಕಬೇಕು? ಕಾರು ಹುಚ್ಚಿನವರ ಹರಟೆಯೊಳಗೆ ಏನಿದೆ

ಕಾರು ಹುಚ್ಚಿನವರು ಸೇರುವ ಆನ್‌ಲೈನ್ ಗುಂಪೊಂದಕ್ಕೆ ಹೊಸಬನೊಬ್ಬ ಬಂದು ಪ್ರಶ್ನೆ ಕೇಳುತ್ತಾನೆ: "ಎಡಗಡೆಯ ಇಂಡಿಕೇಟರ್ ನಿನ್ನೆಯಿಂದ ವಿಪರೀತ ಬೇಗ ಬೇಗ ಮಿನುಗುತ್ತಿದೆ. ಬಲಗಡೆಯದು ಸರಿಯಾಗಿದೆ. ಏನಿರಬಹುದು?" ಮೊದಲ ಉತ್ತರ ಬಹಳ ಗಂಭೀರವಾಗಿ ಬರುತ್ತದೆ: "ಇಂಡಿಕೇಟರ್ ದ್ರವ ಕಡಿಮೆಯಾಗಿದೆ. ಎಡಗಡೆಗೆ ಎಡಗಡೆಯದೇ ದ್ರವ ಹಾಕಿ, ಅದಲುಬದಲಾದರೆ ಎರಡೂ ಕೆಡುತ್ತವೆ." ಇನ್ನೊಬ್ಬರು, "ನಾನು ಸಿಂಥೆಟಿಕ್ ಹಾಕಿಸುತ್ತೇನೆ, ಬೆಲೆ ಜಾಸ್ತಿ, ಆದರೆ ಬಾಳಿಕೆ ಚೆನ್ನಾಗಿದೆ" ಎನ್ನುತ್ತಾರೆ. ಮತ್ತೊಬ್ಬರು ಹಳೆಯ ದ್ರವವನ್ನು ದಯವಿಟ್ಟು ಚರಂಡಿಗೆ ಚೆಲ್ಲಬೇಡಿ ಎಂದು ಪರಿಸರ ಕಾಳಜಿ ಮೆರೆಯುತ್ತಾರೆ. ಕೊನೆಗೆ ಯಾರಿಗೋ ಮರುಕ ಹುಟ್ಟಿ ನಿಜ ಹೇಳುತ್ತಾರೆ: "ಎಡಗಡೆಯ ಒಂದು ಬಲ್ಬ್ ಸುಟ್ಟಿದೆ. ಇಂಡಿಕೇಟರ್ ಹಾಕಿಟ್ಟು ಇಳಿದು ಹಿಂದೆ ಮುಂದೆ ನೋಡಿ."

ಇಂಡಿಕೇಟರ್‌ಗೆ ಯಾವ ದ್ರವವೂ ಇಲ್ಲ. ಬಲ್ಬುಗಳನ್ನು ಮಿನುಗಿಸುವ ರಿಲೇ ಅವು ಎಳೆಯುವ ಕರೆಂಟಿನ ಮೇಲೆ ಕಣ್ಣಿಟ್ಟಿರುತ್ತದೆ. ಸಾಮಾನ್ಯವಾಗಿ 21 ವ್ಯಾಟಿನ ಎರಡು ಬಲ್ಬುಗಳ ಪೈಕಿ ಒಂದು ಸುಟ್ಟರೆ ಕರೆಂಟು ಇಳಿಯುತ್ತದೆ, ರಿಲೇ ತನ್ನ ವೇಗ ಹೆಚ್ಚಿಸಿ ಚಾಲಕನಿಗೆ ಸುದ್ದಿ ಮುಟ್ಟಿಸುತ್ತದೆ. ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿದವರ ಕಾರಿನಲ್ಲೂ ಇದೇ ತೊಂದರೆ ಕಾಣುವುದು ಇದಕ್ಕೇ. ಎಲ್‌ಇಡಿ ಎಳೆಯುವ ಕರೆಂಟು ಎಷ್ಟು ಕಡಿಮೆಯೆಂದರೆ, ರಿಲೇ ಅದನ್ನು ಸತ್ತ ಬಲ್ಬ್ ಎಂದೇ ಎಣಿಸುತ್ತದೆ.

ಹೊರಗಿನವರಿಗೆ ಇದೆಲ್ಲ ಕೆಲಸವಿಲ್ಲದವರ ಕಾಡುಹರಟೆಯಾಗಿ ಕಂಡರೆ ಅದರಲ್ಲಿ ತಪ್ಪಿಲ್ಲ. ಕಾಡುಹರಟೆ ಹೌದು. ಆದರೆ ಇಲ್ಲಿನ ಬಹುಪಾಲು ಜೋಕುಗಳ ತಳ ಕೆದಕಿದರೆ ಸವೆದ ಸೀಲೋ, ತುಕ್ಕು ಹಿಡಿದ ಕನೆಕ್ಟರೋ, ಸೋರುವ ಗ್ಯಾಸ್ಕೆಟೋ ಕೈಗೆ ಸಿಗುತ್ತದೆ. ಯಾವ ಕಾರು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಕಂಪನಿಯ ಕೈಪಿಡಿ ಹೇಳುವುದಿಲ್ಲ, ಮಾರುವವನು ಮೊದಲೇ ಹೇಳುವುದಿಲ್ಲ. ಆ ದೋಷಗಳ ಪಟ್ಟಿ ಜೋಕಿನ ವೇಷದಲ್ಲಿ ಬಾಯಿಂದ ಬಾಯಿಗೆ, ಈಗ ಪರದೆಯಿಂದ ಪರದೆಗೆ ಸಾಗುತ್ತಿದೆ ಎಂಬುದು ನನ್ನ ವಾದ.

ನಗಲು ಬೇಕಾದ ಅರ್ಹತೆ

ಹೊಸದಾಗಿ ಸೇರಿದ ಹುಡುಗನನ್ನು ಇಲ್ಲದ ವಸ್ತು ತರಲು ಅಂಗಡಿಗೆ ಕಳುಹಿಸಿ ನಗುವುದು ಕಾರ್ಖಾನೆಗಳಷ್ಟೇ ಹಳೆಯ ಚೇಷ್ಟೆ. ಎಡಗೈಯವರ ಸ್ಕ್ರೂಡ್ರೈವರ್, ಪಟ್ಟೆಪಟ್ಟೆಯ ಬಣ್ಣ ಹೀಗೆ ಅದರ ಪಟ್ಟಿ ಉದ್ದವಿದೆ. ಕಾರಿನವರ ಪಾಲಿಗೆ ಬಂದದ್ದು ಇಂಡಿಕೇಟರ್ ದ್ರವ ಮತ್ತು ಸೈಲೆನ್ಸರ್ ಬೇರಿಂಗ್. ಎರಡನೆಯದು ಹೆಚ್ಚು ಜಾಣತನದ ಜೋಕು. ಬೇರಿಂಗ್ ಇರಬೇಕಾದರೆ ಏನಾದರೂ ತಿರುಗಬೇಕು. ಸೈಲೆನ್ಸರ್ ಒಳಗೆ ತೂತು ಕೊರೆದ ಕೊಳವೆಗಳು ಮತ್ತು ಕೋಣೆಗಳು ಮಾತ್ರ ಇವೆ, ಶಬ್ದದ ಅಲೆಗಳು ಒಂದನ್ನೊಂದು ಹೊಡೆದು ಅಡಗಲಿ ಎಂಬುದೇ ಅಲ್ಲಿನ ಏರ್ಪಾಡು. ತಿರುಗುವ ಭಾಗ ಒಂದೂ ಇಲ್ಲ. ಇಷ್ಟು ಗೊತ್ತಿದ್ದವನು ಕೇಳಿದ ಕೂಡಲೇ ನಗುತ್ತಾನೆ, ಗೊತ್ತಿಲ್ಲದವನು ಅಂಗಡಿಗೆ ಹೋಗುತ್ತಾನೆ. ಅಂಗಡಿಯವನೂ ಕಸುಬಿನವನಾದರೆ, "ನಿನ್ನೆಯಷ್ಟೇ ಖಾಲಿಯಾಯಿತು" ಎಂದು ಇನ್ನೊಂದು ಅಂಗಡಿಗೆ ದಾರಿ ತೋರಿಸುತ್ತಾನೆ.

"ನನ್ನ ಎಂಜಿನ್ನಿನ 710 ಮುಚ್ಚಳ ಕಳೆದುಹೋಗಿದೆ" ಎಂಬ ಇನ್ನೊಂದು ಪುರಾತನ ಜೋಕಿದೆ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆಯಿಲ್ (OIL) ಎಂದು ಬರೆದಿರುತ್ತದೆ, ಅದನ್ನು ತಲೆಕೆಳಗಾಗಿ ಓದಿದರೆ 710. ಇದು ಒಂದು ಸಲಕ್ಕೆ ಸಾಕು.

ಕತ್ತಲೆಯ ರಾಜಕುಮಾರ ಮತ್ತು ಬೆರಳೆಣಿಕೆ

ಹರಟೆಯ ನಿಜವಾದ ಗಣಿ ಇರುವುದು ಬ್ರ್ಯಾಂಡ್‌ಗಳ ಗೇಲಿಯಲ್ಲಿ. ಹಳೆಯ ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಉಪಕರಣ ಒದಗಿಸುತ್ತಿದ್ದ ಲ್ಯೂಕಸ್ ಕಂಪನಿಯ ಸ್ಥಾಪಕ ಜೋಸೆಫ್ ಲ್ಯೂಕಸ್‌ಗೆ ಕಾರಿನವರು ಕೊಟ್ಟ ಬಿರುದು "ಕತ್ತಲೆಯ ರಾಜಕುಮಾರ". ಲ್ಯೂಕಸ್ ಹೆಡ್‌ಲೈಟ್ ಸ್ವಿಚ್‌ಗೆ ಮೂರೇ ಸ್ಥಾನಗಳಂತೆ: ಮಂದ, ಮಿಣುಕು, ಕತ್ತಲೆ. ಇಂಗ್ಲೆಂಡಿನವರು ಬಿಯರನ್ನು ಬೆಚ್ಚಗೆ ಏಕೆ ಕುಡಿಯುತ್ತಾರೆ? ಅವರ ಫ್ರಿಜ್ಜನ್ನೂ ಲ್ಯೂಕಸ್ ಮಾಡಿದೆ.

ಇದರ ಹಿಂದಿನ ಸಂಗತಿ ಸರಳ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ತಂತಿಗಳನ್ನು ಜೋಡಿಸುತ್ತಿದ್ದದ್ದು ಗುಂಡಿನಾಕಾರದ ತುದಿಯನ್ನು ಕೊಳವೆಗೆ ತೂರಿಸುವ ಕನೆಕ್ಟರ್‌ಗಳಿಂದ. ತೇವದ ಹವೆಯಲ್ಲಿ ಅವು ಕಿಲುಬು ಹಿಡಿಯುತ್ತಿದ್ದವು. ಕರೆಂಟು ಬ್ಯಾಟರಿಗೆ ಮರಳುವ ದಾರಿ ಕಾರಿನ ಉಕ್ಕಿನ ಮೈಯೇ ಆದ್ದರಿಂದ, ಆ ಮೈಗೆ ಬಿಗಿದ ಅರ್ತ್ ತಂತಿಯ ಬುಡದಲ್ಲಿ ತುಕ್ಕು ಬಂದರೆ ದೀಪ ಮಂಕಾಗುತ್ತಿತ್ತು. ಸಾಲದ್ದಕ್ಕೆ ಫ್ಯೂಸ್‌ಗಳೂ ಬಹಳ ಕಡಿಮೆ, ಒಂದೇ ಫ್ಯೂಸ್ ಹಲವು ಉಪಕರಣಗಳ ಹೊರೆ ಹೊರುತ್ತಿತ್ತು. ದೋಷದ ಹೆಚ್ಚಿನ ಪಾಲು ವಿನ್ಯಾಸದಲ್ಲಿ ಉಳಿಸಿದ ಕಾಸಿನದು, ಕೆಟ್ಟ ಹೆಸರು ಮಾತ್ರ ಲ್ಯೂಕಸ್‌ಗೆ ಉಳಿಯಿತು. ಹಳೆಯ ಬ್ರಿಟಿಷ್ ಕಾರು ಕೊಳ್ಳುವವರು ಇಂದಿಗೂ ಮೊದಲು ಮಾಡುವ ಕೆಲಸ ಅರ್ತ್ ತಂತಿಗಳ ಬುಡವನ್ನು ಉಜ್ಜಿ ಬಿಗಿಯುವುದು. ಆ ಬುದ್ಧಿ ಬಂದದ್ದು ಜೋಕಿನಿಂದ.

ಹಳೆಯ ಲ್ಯಾಂಡ್ ರೋವರ್ ಬಗ್ಗೆ ಹೀಗೆ ಹೇಳುತ್ತಾರೆ: ಕೆಳಗೆ ಆಯಿಲ್ ಸೋರುತ್ತಿಲ್ಲವೆಂದರೆ ಗಾಬರಿಯಾಗಿ, ಒಳಗೆ ಆಯಿಲ್ ಮುಗಿದಿದೆ. ಇದೇ ಮಾತು ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್‌ಗಳಿಗೂ ಅಂಟಿಕೊಂಡಿದೆ. ಇಂದಿನಂತೆ ತುಟಿಯಿರುವ ರಬ್ಬರ್ ಸೀಲ್ ಹಾಕದೆ, ತಿರುಗುವ ಶಾಫ್ಟ್ ಸುತ್ತ ಹಗ್ಗದಂಥ ಪ್ಯಾಕಿಂಗ್ ಸುತ್ತಿದ ಅಥವಾ ಆಯಿಲನ್ನು ಹಿಂದಕ್ಕೆ ತಳ್ಳಲು ಶಾಫ್ಟ್ ಮೇಲೆ ತಿರುಪಿನ ಗೆರೆ ಕೊರೆದ ಎಂಜಿನ್‌ಗಳು ಆಗ ಸಾಮಾನ್ಯವಾಗಿದ್ದವು. ಅವು ಸ್ವಲ್ಪ ಸೋರುವುದು ಅಪೇಕ್ಷಿತವೇ ಆಗಿತ್ತು.

ಇಟಲಿಯ ಕಾರುಗಳಿಗೆ ಮೀಸಲಾದ ವಿಷಯ ತುಕ್ಕು. "ಕ್ಯಾಟಲಾಗಿನ ಪುಟದಲ್ಲೇ ತುಕ್ಕು ಹಿಡಿಯುವ ಕಾರು" ಎಂಬ ಮಾತು 1970ರ ದಶಕದ ಆಲ್ಫಾ ರೋಮಿಯೊ ಮತ್ತು ಲ್ಯಾನ್ಸಿಯಾಗಳಿಗೆ ಅಂಟಿತು. ಓಡಿಸಲು ಅಪ್ಪಟ ಸುಖ ಕೊಡುತ್ತಿದ್ದ ಆಲ್ಫಾಸೂದ್ ಬಂದದ್ದು 1971ರಲ್ಲಿ, ನೇಪಲ್ಸ್ ಬಳಿಯ ಹೊಸ ಕಾರ್ಖಾನೆಯಿಂದ. ಅದರ ತುಕ್ಕಿನ ಕಥೆ ಅದರ ಸುಖಕ್ಕಿಂತ ಹೆಚ್ಚು ದೂರ ಓಡಿತು. ಲ್ಯಾನ್ಸಿಯಾ ಬೀಟಾ ಕಾರಿನಲ್ಲಂತೂ ಎಂಜಿನ್ ಹೊತ್ತ ಸಬ್‌ಫ್ರೇಮ್ ತುಕ್ಕು ಹಿಡಿಯುತ್ತದೆಂದು ಬ್ರಿಟನ್ನಿನಲ್ಲಿ 1980ರಲ್ಲಿ ದೊಡ್ಡ ಗಲಾಟೆಯಾಗಿ, ಕಂಪನಿ ಹಲವು ಕಾರುಗಳನ್ನು ಮಾಲೀಕರಿಂದ ವಾಪಸ್ ಕೊಳ್ಳಬೇಕಾಯಿತು. 1994ರಲ್ಲಿ ಲ್ಯಾನ್ಸಿಯಾ ಆ ಮಾರುಕಟ್ಟೆಯಿಂದಲೇ ಹೊರಬಿತ್ತು. ಜೋಕು ಒಂದು ಕಂಪನಿಯ ವ್ಯಾಪಾರವನ್ನು ಮುಳುಗಿಸುತ್ತದೆ ಎಂದರೆ ಉತ್ಪ್ರೇಕ್ಷೆಯಾದೀತು, ಮುಳುಗುವಾಗ ಮೇಲೊಂದು ಕಲ್ಲನ್ನಂತೂ ಇಡುತ್ತದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಎನ್‌ಎಸ್‌ಯು ಆರ್‌ಒ 80 ಕಾರಿನ ಕಥೆ, ಏಕೆಂದರೆ ಅದು ಇಂಟರ್ನೆಟ್ಟಿಗೂ ಮುಂಚಿನ ಹರಟೆ. ಜರ್ಮನಿಯ ಈ ಕಾರು 1967ರಲ್ಲಿ ಬಂದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು, 1968ರಲ್ಲಿ ಯುರೋಪಿನ ವರ್ಷದ ಕಾರು ಪ್ರಶಸ್ತಿಯೂ ಸಿಕ್ಕಿತು. ಅದರಲ್ಲಿದ್ದದ್ದು ಫೆಲಿಕ್ಸ್ ವ್ಯಾಂಕೆಲ್ ಕಲ್ಪನೆಯ ರೋಟರಿ ಎಂಜಿನ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಬದಲು, ಅಂಚು ಉಬ್ಬಿದ ತ್ರಿಕೋನವೊಂದು ಕೋಣೆಯೊಳಗೆ ತಿರುಗುತ್ತದೆ. ತ್ರಿಕೋನದ ಮೂರು ತುದಿಗಳಲ್ಲಿ ಮೂರು ಸೀಲ್ ಪಟ್ಟಿಗಳು. ಬೆಂಕಿ, ಒತ್ತಡ, ವೇಗ ಎಲ್ಲವನ್ನೂ ತಾಳಿಕೊಂಡು ಅವು ಗೋಡೆಗೆ ಉಜ್ಜುತ್ತಲೇ ಇರಬೇಕು. ಆರಂಭದ ಕಾರುಗಳಲ್ಲಿ ಅವು ಬೇಗ ಸವೆದು, ವಾರಂಟಿಯಲ್ಲಿ ಎಂಜಿನ್ ಮೇಲೆ ಎಂಜಿನ್ ಬದಲಿಸಿಕೊಡಬೇಕಾಯಿತು. ಆ ಖರ್ಚಿನ ಭಾರಕ್ಕೆ ಕುಗ್ಗಿದ ಎನ್‌ಎಸ್‌ಯು 1969ರಲ್ಲಿ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಸೇರಿ ಔಡಿಯೊಂದಿಗೆ ಒಂದಾಯಿತು. ಆಗಿನ ಕಥೆ ಹೀಗಿದೆ: ರಸ್ತೆಯಲ್ಲಿ ಇಬ್ಬರು ಆರ್‌ಒ 80 ಮಾಲೀಕರು ಎದುರಾದರೆ ಕೈಬೀಸುವುದರ ಬದಲು ಬೆರಳು ತೋರಿಸುತ್ತಿದ್ದರಂತೆ. ಎರಡು ಬೆರಳೆಂದರೆ ಎರಡನೆಯ ಎಂಜಿನ್, ಮೂರೆಂದರೆ ಮೂರನೆಯದು. ನಿಜವೋ ಕಟ್ಟುಕಥೆಯೋ, ಇಡೀ ಕಾರಿನ ಚರಿತ್ರೆ ಒಂದು ಅಂಗೈಯಲ್ಲಿ ಅಡಗಿದೆ.

ಆ ಎಂಜಿನ್ನನ್ನು ಹಟ ಹಿಡಿದು ಸಾಕಿದವರು ಜಪಾನಿನ ಮಜ್ದಾ. 1991ರಲ್ಲಿ ಅವರ 787ಬಿ ರೋಟರಿ ಕಾರು ಲೆ ಮಾನ್ 24 ಗಂಟೆಗಳ ರೇಸ್ ಗೆದ್ದಿತು, ಜಪಾನೀ ಕಂಪನಿಯೊಂದಕ್ಕೆ ಅಲ್ಲಿ ಸಿಕ್ಕ ಮೊದಲ ಗೆಲುವು ಅದು. ಆದರೂ ಮಜ್ದಾ ಆರ್‌ಎಕ್ಸ್-7 ಅಥವಾ ಆರ್‌ಎಕ್ಸ್-8 ಕೊಂಡೆ ಎಂದು ಯಾರಾದರೂ ಹೇಳಿದರೆ ಬರುವ ಅಭಿನಂದನೆ, "ಮುಂದಿನ ಎಂಜಿನ್‌ಗೆ ಈಗಲೇ ದುಡ್ಡು ಕೂಡಿಡಿ" ಎಂಬುದು. ಆ ಕಾರುಗಳು ಆಯಿಲ್ ಕುಡಿಯುತ್ತವೆ ಎಂಬ ಗೇಲಿಯಲ್ಲಿ ಮಾತ್ರ ಸ್ವಲ್ಪ ಅನ್ಯಾಯವಿದೆ. ಸೀಲ್ ಪಟ್ಟಿಗಳು ಒಣಗದಿರಲೆಂದು ಎಂಜಿನ್ ಬೇಕೆಂದೇ ಹನಿಹನಿಯಾಗಿ ಆಯಿಲನ್ನು ಒಳಗೆ ಬಿಟ್ಟು ಸುಡುತ್ತದೆ. ಅದನ್ನು ತಿಳಿಯದೆ ಆಯಿಲ್ ಮಟ್ಟ ನೋಡದವರ ಎಂಜಿನ್ ಹೋಗುತ್ತದೆ, ಜೋಕು ಕೇಳಿದವರು ಪೆಟ್ರೋಲ್ ತುಂಬಿಸುವಾಗಲೆಲ್ಲ ಬಾನೆಟ್ ಎತ್ತಿ ನೋಡುತ್ತಾರೆ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ಒಂದು ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ, ಒಳ್ಳೆಯ ಕಾರು ಇರುವವನು ಮಾರಾಟಕ್ಕೇ ಬರುವುದಿಲ್ಲ, ಮಾರುಕಟ್ಟೆಯಲ್ಲಿ ಗುಜರಿಯೇ ಉಳಿಯುತ್ತದೆ. 2001ರಲ್ಲಿ ಇನ್ನಿಬ್ಬರ ಜೊತೆಗೆ ಅವರಿಗೆ ನೊಬೆಲ್ ಬಂದಾಗ ಈ ಕೆಲಸದ ಪ್ರಸ್ತಾಪವಿತ್ತು. ಕಾರು ಹುಚ್ಚಿನವರ ಹರಟೆ ಈ ಅಸಮಾನತೆಯನ್ನು ಒಂದಿಷ್ಟು ಸರಿದೂಗಿಸುತ್ತದೆ. ಸುಬಾರು ಕೊಳ್ಳಲು ಹೊರಟವನಿಗೆ ಹತ್ತು ಜನ "ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ತಲೆಗೂ ನಡುವೆ ಸೋರದಂತೆ ತಡೆಯುವ ಪದರ) ಹೇಗಿದೆ?" ಎಂದು ಕಣ್ಣು ಮಿಟುಕಿಸಿದರೆ, ಅವನು ಕನಿಷ್ಠ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿಯೇ ದುಡ್ಡು ಕೊಡುತ್ತಾನೆ.

ಕಾರು ರಿಪೇರಿಯಾದರೂ ಜೋಕು ರಿಪೇರಿಯಾಗುವುದಿಲ್ಲ

ಈ ದೋಷಪಟ್ಟಿಯಲ್ಲಿ ಒಂದು ದೊಡ್ಡ ದೋಷವಿದೆ. ಅದನ್ನು ಯಾರೂ ಪರಿಷ್ಕರಿಸುವುದಿಲ್ಲ. ಹಿಂಬದಿಯ ಗಾಜಿಗೆ ಹೀಟರ್ ಏಕೆ ಕೊಟ್ಟಿದ್ದಾರೆ? ತಳ್ಳುವಾಗ ಕೈ ಬೆಚ್ಚಗಿರಲಿ ಎಂದು. ಈ ಜೋಕನ್ನು ಚೆಕೊಸ್ಲೊವಾಕಿಯದ ಸ್ಕೋಡಾಗೆ ಹೇಳಿದರು, ಸೋವಿಯತ್ ಲಾಡಾಗೆ ಹೇಳಿದರು, 1985ರಲ್ಲಿ 3,990 ಡಾಲರ್ ಬೆಲೆಯೊಂದಿಗೆ ಅಮೆರಿಕಕ್ಕೆ ಬಂದ ಯುಗೋಸ್ಲಾವಿಯದ ಯುಗೊ ಕಾರಿಗೂ ಹೇಳಿದರು. ಜೋಕು ಅದೇ, ಕಾರಿನ ಹೆಸರು ಮಾತ್ರ ಬೇರೆ. ಸ್ಕೋಡಾ 1991ರಲ್ಲಿ ಫೋಕ್ಸ್‌ವ್ಯಾಗನ್ ಕೈಸೇರಿ ಕಾರುಗಳು ಗಟ್ಟಿಯಾದ ಮೇಲೂ ಬ್ರಿಟನ್ನಿನಲ್ಲಿ ಹಳೆಯ ನಗು ನಿಲ್ಲಲಿಲ್ಲ. ಕೊನೆಗೆ 2000ದಲ್ಲಿ ಫೇಬಿಯಾ ಕಾರಿನ ಜಾಹೀರಾತಿನಲ್ಲಿ ಕಂಪನಿ ತನ್ನನ್ನು ತಾನೇ ಗೇಲಿ ಮಾಡಿಕೊಂಡಿತು. ಇಷ್ಟು ಚೆಂದದ ಕಾರು ಸ್ಕೋಡಾ ಆಗಿರಲು ಸಾಧ್ಯವೇ ಇಲ್ಲ ಎಂದು ಜನ ನಂಬದೆ ಹೋಗುವ ಪ್ರಸಂಗಗಳು ಅದರಲ್ಲಿದ್ದವು. ಜೋಕನ್ನು ಕೊಲ್ಲಲು ಅದೊಂದೇ ದಾರಿ ಎಂದು ಯಾರಿಗೋ ಹೊಳೆದಿತ್ತು.

ಪೂರ್ವ ಜರ್ಮನಿಯ ಟ್ರಾಬಾಂಟ್‌ಗೆ ಹೇಳುತ್ತಿದ್ದ ಜೋಕು ಇನ್ನೂ ಚುರುಕು: ಟ್ರಾಬಾಂಟ್ ಬೆಲೆಯನ್ನು ಎರಡು ಪಟ್ಟು ಮಾಡುವುದು ಹೇಗೆ? ಟ್ಯಾಂಕ್ ತುಂಬಿಸಿ. 1957ರಿಂದ 1991ರವರೆಗೆ 30 ಲಕ್ಷಕ್ಕೂ ಹೆಚ್ಚು ತಯಾರಾದ, ಹತ್ತಿಯ ತ್ಯಾಜ್ಯ ಮತ್ತು ರಾಳ ಬೆರೆಸಿದ ಡ್ಯೂರೋಪ್ಲಾಸ್ಟ್ ಹೊದಿಕೆಯ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಕಾರು ಅದು. ತಮಾಷೆಯೆಂದರೆ ಆ ಜೋಕು ತನ್ನ ಊರಿನಲ್ಲಿ ಸುಳ್ಳಾಗಿತ್ತು. ಹೊಸ ಕಾರಿಗೆ ಹತ್ತು ವರ್ಷಕ್ಕೂ ಮೀರಿ ಕಾಯಬೇಕಿದ್ದರಿಂದ ಕೈಯಲ್ಲಿ ಇರುವ ಹಳೆಯ ಟ್ರಾಬಾಂಟ್ ಹೊಸದಕ್ಕಿಂತ ದುಬಾರಿಯಾಗಿ ಮಾರಾಟವಾಗುತ್ತಿತ್ತು. ಈ ಕಾಯುವಿಕೆಯ ಬಗ್ಗೆ ಸೋವಿಯತ್ ಜನರು ಕಟ್ಟಿದ ಜೋಕೊಂದನ್ನು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಬಹಳ ಖುಷಿಯಿಂದ ಹೇಳುತ್ತಿದ್ದರು. ಕಾರಿಗೆ ಪೂರ್ತಿ ದುಡ್ಡು ಕಟ್ಟಿದವನಿಗೆ ಗುಮಾಸ್ತ, "ಹತ್ತು ವರ್ಷ ಬಿಟ್ಟು ಬಂದು ತೆಗೆದುಕೊಂಡು ಹೋಗಿ" ಎನ್ನುತ್ತಾನೆ. "ಬೆಳಿಗ್ಗೆಯೋ ಮಧ್ಯಾಹ್ನವೋ?" "ಹತ್ತು ವರ್ಷದ ಮಾತಿನಲ್ಲಿ ಬೆಳಿಗ್ಗೆಯಾದರೇನು, ಮಧ್ಯಾಹ್ನವಾದರೇನು?" "ಅಂದು ಬೆಳಿಗ್ಗೆ ನಲ್ಲಿ ರಿಪೇರಿಯವನು ಬರುತ್ತಾನೆ."

ಯಾವ ಪ್ರಶ್ನೆಗೂ ಒಂದೇ ಉತ್ತರ

"ನಾಲ್ಕು ಜನರ ಸಂಸಾರ, ಒಂದು ನಾಯಿ, ಸಾಮಾನು ಸಾಗಿಸಬೇಕು, ಯಾವ ಕಾರು ಕೊಳ್ಳಲಿ?" ಎಂದು ಕೇಳಿ ನೋಡಿ. ಯಾರಾದರೊಬ್ಬರು "ಮಿಯಾಟಾ" ಎನ್ನದೆ ಬಿಡುವುದಿಲ್ಲ. ಮಿಯಾಟಾ ಎಂದರೆ ಎರಡೇ ಸೀಟಿನ, ಚೀಲವೆರಡು ಹಿಡಿಸಿದರೆ ಹೆಚ್ಚೆನ್ನುವ ಡಿಕ್ಕಿಯ ಮಜ್ದಾ ಎಂಎಕ್ಸ್-5. ಕೇಳಿದ್ದಕ್ಕೂ ಉತ್ತರಕ್ಕೂ ಎತ್ತಣಿಂದೆತ್ತ ಸಂಬಂಧ! ಆದರೆ ಇದು ಬರೀ ಅಸಂಬದ್ಧವಲ್ಲ. 1989ರಲ್ಲಿ ಬಂದಾಗ ಅದರ ತೂಕ ಸುಮಾರು 950 ಕಿಲೋ, 1.6 ಲೀಟರ್ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಹಿಡಿ ಗಾತ್ರದ ಗೇರ್ ಹಿಡಿ. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸುಖವೆಲ್ಲ ಇತ್ತು, ಅವುಗಳ ಸೋರಿಕೆ ಇರಲಿಲ್ಲ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾದವು. ಕಡಿಮೆ ದುಡ್ಡಿಗೆ, ಕಡಿಮೆ ವೇಗದಲ್ಲೂ, ಕೈಗೆ ಕಾಲಿಗೆ ಸಂತೋಷ ಕೊಡುವ ಕಾರು ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗದು ಎಂಬ ಗಂಭೀರ ಅಭಿಪ್ರಾಯವೇ ಇಲ್ಲಿ ತಲೆಹರಟೆಯ ರೂಪದಲ್ಲಿದೆ.

"ಎಲ್‌ಎಸ್ ಹಾಕಿಸಿ" ಎಂಬುದು ಇದೇ ಜಾತಿಯ ಇನ್ನೊಂದು ರಾಮಬಾಣ. ಯಾವ ಕಾರಿನ ಯಾವ ರೋಗಕ್ಕೂ, ಆ ಎಂಜಿನ್ ಕಿತ್ತು ಜನರಲ್ ಮೋಟಾರ್ಸ್‌ನ ಎಂಟು ಸಿಲಿಂಡರಿನ ಎಲ್‌ಎಸ್ ವಿ8 ಎಂಜಿನ್ ಇಳಿಸುವುದೇ ಮದ್ದು. 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ ಕಾಣಿಸಿಕೊಂಡ ಈ ಕುಟುಂಬದ ಮೊದಲ ಎಂಜಿನ್ 5.7 ಲೀಟರಿನದು, 345 ಅಶ್ವಶಕ್ತಿಯದು. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಸಿಲಿಂಡರ್‌ಗಳ ತಲೆಯ ಮೇಲಿರದೆ ಬ್ಲಾಕಿನ ನಡುವೆ ಇರುವುದರಿಂದ ಎಂಜಿನ್ ಕುಳ್ಳಗೆ, ಕಿರಿದಾಗಿ ಇರುತ್ತದೆ. ಲೀಟರ್ ಲೆಕ್ಕದಲ್ಲಿ ದೊಡ್ಡದು, ಅಳತೆಪಟ್ಟಿ ಹಿಡಿದರೆ ಚಿಕ್ಕದು. ಅದರ ಬಂಧುಗಳು ಪಿಕಪ್ ಟ್ರಕ್‌ಗಳಲ್ಲಿ ಲಕ್ಷಗಟ್ಟಲೆ ಬಂದದ್ದರಿಂದ ಅಮೆರಿಕದ ಗುಜರಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ. ಎಲ್ಲಿ ಬೇಕಾದರೂ ತೂರುತ್ತದೆ, ಅಗ್ಗ, ಗಟ್ಟಿ. ಮಿಯಾಟಾದೊಳಗೂ ಇಳಿಸಿದವರಿದ್ದಾರೆ, ಎರಡು ಜೋಕಿಗೆ ಒಂದೇ ಕಾರು.

ಮೂರನೆಯದು ಆತ್ಮವಿಮರ್ಶೆಯ ಜೋಕು: ಕಂದು ಬಣ್ಣದ, ಡೀಸೆಲ್ ಎಂಜಿನ್ನಿನ, ಕೈಗೇರ್ ಇರುವ ಸ್ಟೇಷನ್ ವ್ಯಾಗನ್. ಕಂಪನಿಗಳು ಅಂಥದ್ದನ್ನು ಮಾಡುವುದೇ ಇಲ್ಲವೆಂದು ಕಾರುಪ್ರಿಯರು ಸದಾ ಗೊಣಗುತ್ತಾರೆ. ಮಾಡಿದಾಗ ಶೋರೂಮಿಗೆ ಹೋಗಿ ಯಾರೂ ಹೊಸದನ್ನು ಕೊಳ್ಳುವುದಿಲ್ಲ, ಹತ್ತು ವರ್ಷ ಹಳೆಯದಾಗಲಿ ಎಂದು ಕಾಯುತ್ತಾರೆ. ಗೊಣಗಾಟದ ಮೇಲೆ ಕಾರ್ಖಾನೆ ನಡೆಯದು ಎಂಬುದು ಅವರಿಗೂ ಗೊತ್ತು.

ಅಶ್ವಶಕ್ತಿಯ ಲೆಕ್ಕಾಚಾರ

ಒಂದು ಸ್ಟಿಕ್ಕರ್ ಅಂಟಿಸಿದರೆ ಐದು ಅಶ್ವಶಕ್ತಿ ಹೆಚ್ಚುತ್ತದೆ, ಕೆಂಪು ಬಣ್ಣಕ್ಕೆ ಹತ್ತು. ರೇಸ್ ಕಾರುಗಳ ಮೇಲಿನ ಪ್ರಾಯೋಜಕರ ಸ್ಟಿಕ್ಕರುಗಳನ್ನು ಮನೆಯ ಕಾರಿಗೆ ಅಂಟಿಸಿಕೊಳ್ಳುವವರ ಮೇಲಿನ ಗೇಲಿ ಇದು. ಶಬ್ದ ಮಾಡುವ ಸೈಲೆನ್ಸರ್ ಹಾಕಿಸಿ, ಗಾಳಿ ಎಳೆಯುವ ಡಬ್ಬಿಯನ್ನು ಕಿತ್ತು ಬರಿಯ ಫಿಲ್ಟರ್ ಸಿಕ್ಕಿಸಿಕೊಂಡವರು ಕೆಲವೊಮ್ಮೆ ಶಕ್ತಿ ಕಳೆದುಕೊಂಡೇ ಬಂದಿರುತ್ತಾರೆ, ಏಕೆಂದರೆ ಆ ಬಯಲು ಫಿಲ್ಟರ್ ಬಾನೆಟ್ ಕೆಳಗಿನ ಬಿಸಿಗಾಳಿಯನ್ನು ಎಳೆಯುತ್ತದೆ, ಬಿಸಿಗಾಳಿಯಲ್ಲಿ ಆಮ್ಲಜನಕ ವಿರಳ. ಸದ್ದು ಹೆಚ್ಚಾದದ್ದರಿಂದ ಓಟವೂ ಹೆಚ್ಚಿದಂತೆ ಅನ್ನಿಸುತ್ತದೆ, ಅಷ್ಟೇ.

ವಾಲ್ವ್ ತೆರೆಯುವ ಬಗೆಯನ್ನು ಬದಲಿಸುವ ಹೋಂಡಾದ ವಿಟೆಕ್ ವ್ಯವಸ್ಥೆಯ ಬಗೆಗಿನ ಜೋಕಿಗೆ ಸ್ವಲ್ಪ ಹೆಚ್ಚು ತಿಳಿವಳಿಕೆ ಬೇಕು. ಎಲ್ಲ ವೇಗಕ್ಕೂ ಒಂದೇ ಕ್ಯಾಮ್ ಆಕಾರ ಒಗ್ಗುವುದಿಲ್ಲ. ನಿಧಾನಕ್ಕೆ ಓಡುವಾಗ ವಾಲ್ವ್ ಸ್ವಲ್ಪವೇ ತೆರೆದರೆ ಚೆನ್ನ, ಜೋರಾಗಿ ತಿರುಗುವಾಗ ಅಗಲವಾಗಿ, ಹೆಚ್ಚು ಹೊತ್ತು ತೆರೆಯಬೇಕು. 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಹೋಂಡಾ ಎರಡೂ ಬಗೆಯ ಕ್ಯಾಮ್ ಉಬ್ಬುಗಳನ್ನು ಒಂದೇ ಶಾಫ್ಟ್ ಮೇಲೆ ಕೂರಿಸಿತು. ನಿಮಿಷಕ್ಕೆ ಸುಮಾರು 5,500 ಸುತ್ತು ಮುಟ್ಟಿದಾಗ ಆಯಿಲ್ ಒತ್ತಡದಿಂದ ಸಣ್ಣ ಪಿನ್ನುಗಳು ಸರಿದು ವಾಲ್ವ್ ಒತ್ತುವ ರಾಕರ್ ತೋಳುಗಳನ್ನು ಬೆಸೆಯುತ್ತವೆ, ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತದೆ, ಎಂಜಿನ್ನಿನ ಕಂಠವೇ ಬದಲಾಗುತ್ತದೆ. 1.6 ಲೀಟರಿಗೆ 160 ಅಶ್ವಶಕ್ತಿ, ಟರ್ಬೊ ಇಲ್ಲದೆ. ಆ ಕಂಠ ಬದಲಾಗುವ ಕ್ಷಣವನ್ನೇ ಹಿಡಿದು ಮಾಡಿದ ಚಿತ್ರಗಳಲ್ಲಿ ಕಾರು ಗಗನಕ್ಕೆ ಹಾರುತ್ತದೆ, ಕಾಲದಲ್ಲಿ ಹಿಂದಕ್ಕೆ ಹೋಗುತ್ತದೆ, ತರಕಾರಿ ತರಲು ಹೊರಟ ಗೃಹಸ್ಥ ಚಂದ್ರನ ಮೇಲೆ ಇಳಿಯುತ್ತಾನೆ.

ಇದಕ್ಕೆ ಎದುರಾಗಿ, ಇರುವ ಶಕ್ತಿಯನ್ನು ನಿಭಾಯಿಸಲಾಗದವರ ಮೇಲಿನ ಜೋಕುಗಳು ಫೋರ್ಡ್ ಮಸ್ಟ್ಯಾಂಗ್ ಪಾಲು. ಕಾರು ಕೂಟ ಮುಗಿಸಿ ಹೊರಡುವಾಗ ನೋಡುಗರ ಎದುರು ಮೆರೆಯಲು ಹೋಗಿ ರಸ್ತೆ ವಿಭಜಕಕ್ಕೆ ಗುದ್ದುವ ಮಸ್ಟ್ಯಾಂಗ್‌ಗಳ ವಿಡಿಯೊಗಳು ಹೇರಳ. ಹಿಂದಿನ ಚಕ್ರಗಳಿಗೆ ಹೋಗುವ ಭಾರೀ ತಿರುಚುಬಲ, ನಿಂತೂ ನಿಂತೂ ತಣ್ಣಗಾದ ಟೈರ್, ಆಫ್ ಮಾಡಿದ ಸ್ಟೆಬಿಲಿಟಿ ಕಂಟ್ರೋಲ್ (ಜಾರುವುದನ್ನು ತಡೆಯುವ ವ್ಯವಸ್ಥೆ) ಇವಿಷ್ಟು ಸೇರಿದರೆ ಕಾರಿನ ಹಿಂಭಾಗ ಜಾರುತ್ತದೆ. ಗಾಬರಿಬಿದ್ದ ಚಾಲಕ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಿನ ಟೈರ್‌ಗಳಿಗೆ ಹಿಡಿತ ಮರಳುತ್ತದೆ, ತಿರುಗಿಸಿ ಹಿಡಿದ ಸ್ಟೀರಿಂಗ್ ಕಾರನ್ನು ಎದುರು ದಿಕ್ಕಿಗೆ ಎಸೆಯುತ್ತದೆ. 2015ರ ಮಾದರಿಗೆ ಮುಂಚಿನ ಬಹುತೇಕ ಮಸ್ಟ್ಯಾಂಗ್‌ಗಳಲ್ಲಿ ಎರಡೂ ಹಿಂಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿದ್ದು ಇದಕ್ಕೆ ಇನ್ನಷ್ಟು ನೆರವಾಯಿತು. ಜೋಕು "ಜನರನ್ನು ತಿನ್ನಲು ಹೊರಟ ಮಸ್ಟ್ಯಾಂಗ್" ಎಂದು ಹೇಳಿ ಮುಗಿಸುತ್ತದೆ, ಭೌತಶಾಸ್ತ್ರವನ್ನು ನಾವೇ ಸೇರಿಸಿಕೊಳ್ಳಬೇಕು.

ಕಳೆದ ಸಾಕೆಟ್, ಮುಗಿಯದ ಕಾರು

ಬೋಲ್ಟ್ ಬಿಚ್ಚುವ 10 ಮಿಲಿಮೀಟರ್ ಸಾಕೆಟ್ ಕಳೆದುಹೋಗುವ ಜೋಕು ಎಲ್ಲರಿಗೂ ಸೇರಿದ್ದು, ಅದಕ್ಕೆ ಬ್ರ್ಯಾಂಡ್ ಭೇದವಿಲ್ಲ. ಉಪಕರಣಗಳ ಪೆಟ್ಟಿಗೆಯಲ್ಲಿ ಉಳಿದೆಲ್ಲ ಅಳತೆಯವು ಸಾಲಾಗಿ ಕೂತಿರುತ್ತವೆ, 10ರ ಗುಂಡಿ ಮಾತ್ರ ಬರಿದು. ಕಾರಣ ಲೆಕ್ಕದ್ದೇ. 6 ಮಿಲಿಮೀಟರ್ ದಪ್ಪದ ಬೋಲ್ಟಿನ ತಲೆ ಸಾಮಾನ್ಯವಾಗಿ 10 ಮಿಲಿಮೀಟರ್ ಅಗಲವಿರುತ್ತದೆ. ಕಾರಿನಲ್ಲಿ ಅತಿ ಹೆಚ್ಚು ಬಳಸುವ ಬೋಲ್ಟ್‌ಗಳಲ್ಲಿ ಅದೂ ಒಂದು: ಬ್ಯಾಟರಿ ಟರ್ಮಿನಲ್, ಗಾಳಿಡಬ್ಬಿ, ತಂತಿಗಳ ಕ್ಲಿಪ್ಪು, ಒಳಗಿನ ಪ್ಲಾಸ್ಟಿಕ್ ಹೊದಿಕೆ ಎಲ್ಲೆಲ್ಲೂ ಅದೇ. ಹೆಚ್ಚು ಬಳಸುವುದೇ ಹೆಚ್ಚು ಕಳೆಯುತ್ತದೆ. ಸಣ್ಣದಾದ್ದರಿಂದ ಎಂಜಿನ್ ಸಂದಿಗೆ ಬಿದ್ದು, ಕೆಳಗಿನ ತಟ್ಟೆಯ ಮೇಲೆ ಕೂತು, ಕಾರಿನೊಂದಿಗೇ ಪ್ರಯಾಣ ಬೆಳೆಸುತ್ತದೆ. ಹಳೆಯ ಕಾರು ಬಿಚ್ಚಿದವರಿಗೆ ಹಿಂದಿನ ಮಾಲೀಕನ ಸಾಕೆಟ್ ಸಿಗುವುದುಂಟು. ಆಗ ಅವರ ಲೆಕ್ಕಕ್ಕೆ ಒಂದು ಜಮೆ.

ದುಡ್ಡಿನ ಜೋಕುಗಳಲ್ಲಿ ನಗುವಿಗಿಂತ ಸಂಕಟವೇ ಹೆಚ್ಚು. ಗ್ಯಾರೇಜಿನಲ್ಲಿ ಇಟ್ಟಿಗೆಗಳ ಮೇಲೆ ಕೂತ ಹಳೆಯ ಕಾರಿಗೆ "ಪ್ರಾಜೆಕ್ಟ್" ಎಂದು ಹೆಸರು. ಅದು ಮುಂದಿನ ಬೇಸಿಗೆಗೆ ಓಡುತ್ತದೆ, ಯಾವ ಬೇಸಿಗೆ ಎಂದು ಕೇಳಬಾರದು. "ನಾನು ಸತ್ತ ಮೇಲೆ ನನ್ನ ಹೆಂಡತಿ ಈ ಬಿಡಿಭಾಗಗಳನ್ನೆಲ್ಲ ನಾನು ಅವಳಿಗೆ ಹೇಳಿದ ಬೆಲೆಗೆ ಮಾರಿಬಿಟ್ಟರೆ ಗತಿಯೇನು?" ಎಂಬುದು ಅವರ ದೊಡ್ಡ ಭಯವಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಗೆ ಇವರಷ್ಟು ಒಳ್ಳೆಯ ಸಾಕ್ಷಿ ಸಿಗದು. ಹೆಗ್ಗಣ ಎಂಬುದನ್ನು ಒಪ್ಪಿಕೊಂಡೇ ಮುದ್ದು ಮಾಡುತ್ತಾರೆ.

ಇದನ್ನು ಕ್ರೀಡೆಯ ಮಟ್ಟಕ್ಕೇರಿಸಿದವರು ಅಮೆರಿಕದಲ್ಲಿ 2006ರಲ್ಲಿ ಶುರುವಾದ "24 ಅವರ್ಸ್ ಆಫ್ ಲೆಮನ್ಸ್" ರೇಸಿನವರು. ಲೆ ಮಾನ್ ರೇಸಿನ ಅಣಕ, ಜೊತೆಗೆ ಕೆಟ್ಟ ಕಾರಿಗೆ ಅಮೆರಿಕನ್ನರು ಹೇಳುವ ನಿಂಬೆಹಣ್ಣು ಎಂಬ ಬೈಗುಳ. ಸುರಕ್ಷತೆಯ ಸಾಮಾನು ಬಿಟ್ಟು ಕಾರಿನ ಬೆಲೆ 500 ಡಾಲರ್ ದಾಟಬಾರದು ಎಂಬುದು ನಿಯಮ. ದಾಟಿದೆಯೆಂದು ತೀರ್ಪುಗಾರರಿಗೆ ಅನ್ನಿಸಿದರೆ ಸುತ್ತುಗಳನ್ನು ಕಡಿತ ಮಾಡುತ್ತಾರೆ, ಅವರಿಗೆ ಬಹಿರಂಗವಾಗಿ ಲಂಚ ಕೊಡುವ ಸಂಪ್ರದಾಯವೂ ಇದೆ. ಮೊದಲು ಬಂದವರಿಗಿಂತ ಹೆಚ್ಚಿನ ಗೌರವ, ಓಡಲಾರದ ಕಾರನ್ನು ಹೇಗೋ ಓಡಿಸಿ ದಡ ಮುಟ್ಟಿಸಿದ ತಂಡಕ್ಕೆ.

ವಿಷಯ ಏಕೆ ತಪ್ಪುತ್ತದೆ

"ಯಾವ ಎಂಜಿನ್ ಆಯಿಲ್ ಒಳ್ಳೆಯದು?" ಎಂಬಷ್ಟು ಅಪಾಯಕಾರಿ ಪ್ರಶ್ನೆ ಇನ್ನೊಂದಿಲ್ಲ. ಸರಿಯಾದ ಉತ್ತರ ಮಾಲೀಕರ ಕೈಪಿಡಿಯಲ್ಲಿದೆ. 5ಡಬ್ಲ್ಯು-30 ಎಂದಿದ್ದರೆ, ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು, ಎರಡನೆಯದು ಎಂಜಿನ್ ಕಾದಾಗ ಎಷ್ಟು ದಪ್ಪವಿರುತ್ತದೆ ಎಂಬುದನ್ನು ಹೇಳುತ್ತದೆ. ಅಲ್ಲಿಗೆ ವಿಷಯ ಮುಗಿಯಿತು. ಮುಗಿದದ್ದರಿಂದಲೇ ಹರಟೆ ಆರಂಭವಾಗುತ್ತದೆ. ತಾಂತ್ರಿಕ ಪ್ರಶ್ನೆಗೆ ಮೂರು ನಾಲ್ಕು ಮಾತಿನಲ್ಲಿ ಉತ್ತರ ಸಿಕ್ಕಿಬಿಡುತ್ತದೆ, ಆದರೆ ಉತ್ತರ ಕೊಟ್ಟವರು ಎದ್ದು ಹೋಗುವುದಿಲ್ಲ. ಮೊದಲು ಒಬ್ಬ ತನ್ನ ತಾತನ ಕಾರಿನ ಮಾತೆತ್ತುತ್ತಾನೆ, ತಾತನಿಂದ ತಾತನ ನಾಯಿಗೆ, ನಾಯಿಯಿಂದ ಸೀಟಿನ ಮೇಲಿನ ಕೂದಲು ತೆಗೆಯುವ ಬಗೆಗೆ ಮಾತು ಹರಿಯುತ್ತದೆ. ಒಬ್ಬರನ್ನೊಬ್ಬರು ಕಾರಿನ ಹೆಸರಿನಿಂದ ಗುರುತಿಸುವವರು ಮನುಷ್ಯರಾಗಿ ಪರಿಚಯವಾಗುವುದು ಈ ಅಡ್ಡದಾರಿಯಲ್ಲೇ. ನಾಳೆ ಅರ್ಧರಾತ್ರಿ ಹೆದ್ದಾರಿಯಲ್ಲಿ ಕಾರು ನಿಂತಾಗ ಯಾರ ಸಲಹೆ ನಂಬಬೇಕು ಎಂಬ ತೀರ್ಮಾನವೂ ಆ ನಾಯಿಯ ಮಾತಿನ ನಡುವೆಯೇ ಆಗಿರುತ್ತದೆ.

ಹರಟೆಗೂ ಒಂದು ಗೆರೆಯಿದೆ. ಬರೆದಿಟ್ಟ ನಿಯಮವಲ್ಲ, ಒಳ್ಳೆಯ ಗುಂಪುಗಳಲ್ಲಿ ಮಾತ್ರ ಕಾಣುತ್ತದೆ. ಬ್ರೇಕ್, ಸ್ಟೀರಿಂಗ್, ಜಾಕ್ ಈ ಮೂರರ ಮೇಲೆ ಹೊಸಬರಿಗೆ ಸುಳ್ಳು ಹೇಳುವುದಿಲ್ಲ. ಇಲ್ಲದ ಇಂಡಿಕೇಟರ್ ದ್ರವ ಹುಡುಕಿದವನಿಗೆ ಒಂದು ಗಂಟೆ ನಷ್ಟ. ಬ್ರೇಕ್ ದ್ರವದ ಜಾಗಕ್ಕೆ ಎಂಜಿನ್ ಆಯಿಲ್ ಸುರಿದವನ ಬ್ರೇಕ್ ಸೀಲುಗಳು ಊದಿಕೊಂಡು ಕೆಡುತ್ತವೆ, ಏಕೆಂದರೆ ಅವು ಗ್ಲೈಕಾಲ್ ಆಧಾರಿತ ದ್ರವಕ್ಕಾಗಿ ಮಾಡಿದ ರಬ್ಬರ್. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಲಗಿದವನ ಫೋಟೊ ಬಂದರೆ, ಅದುವರೆಗೆ ಸ್ಟಿಕ್ಕರ್ ಅಶ್ವಶಕ್ತಿ ಎಣಿಸುತ್ತಿದ್ದವರೆಲ್ಲ ಒಮ್ಮೆಗೇ ಗಂಭೀರರಾಗಿ, "ಮೊದಲು ಹೊರಗೆ ಬಾ, ಸ್ಟ್ಯಾಂಡ್ ಇಡು" ಎಂದು ಗದರುತ್ತಾರೆ. ಈ ಗೆರೆ ಗೊತ್ತಿಲ್ಲದ ಗುಂಪಿನಿಂದ ದೂರವಿರುವುದು ಲೇಸು.

ಎಲೆಕ್ಟ್ರಿಕ್ ಕಾರುಗಳು ಬಂದಾಗ ಈ ಹರಟೆಯ ಗಣಿ ಬರಿದಾಗುತ್ತದೆ ಎಂದು ಹಲವರು ಮರುಗಿದ್ದರು. ಸೀಲಿಲ್ಲ, ಹೆಡ್ ಗ್ಯಾಸ್ಕೆಟ್ ಇಲ್ಲ, ಕ್ಯಾಮ್ ಇಲ್ಲ, ಗೇಲಿ ಮಾಡುವುದಾದರೂ ಏನನ್ನು? ಕಂಪನಿಗಳೇ ನೆರವಿಗೆ ಬಂದವು. 2022ರಲ್ಲಿ ಡಾಡ್ಜ್ ಕಂಪನಿ ಪ್ರದರ್ಶಿಸಿದ ಚಾರ್ಜರ್ ಎಂಬ ಎಲೆಕ್ಟ್ರಿಕ್ ಕಾರಿಗೆ, ಸುಡಲು ಇಂಧನವೇ ಇಲ್ಲದಿದ್ದರೂ, ಗುಡುಗುವ ಒಂದು ಎಕ್ಸಾಸ್ಟ್ ವ್ಯವಸ್ಥೆ ಇತ್ತು. 2023ರ ಹ್ಯುಂಡೈ ಅಯೋನಿಕ್ 5 ಎನ್ ಕಾರಿನಲ್ಲಿ ಇಲ್ಲದ ಗೇರುಗಳನ್ನು ಬದಲಿಸಬಹುದು. ಪ್ರತಿ ಬದಲಾವಣೆಗೂ ಕಾರು ಒಮ್ಮೆ ಮುಗ್ಗರಿಸಿದಂತೆ ನಟಿಸುತ್ತದೆ, ಸ್ಪೀಕರಿನಿಂದ ಎಂಜಿನ್ ಕೂಗುತ್ತದೆ. ಈ ನಕಲಿ ಗೇರ್‌ಬಾಕ್ಸಿಗೆ ಯಾವ ಆಯಿಲ್ ಹಾಕಬೇಕು ಎಂದು ಯಾರಾದರೂ ಕೇಳಿದರೆ ನಗಬೇಡಿ. ಎಲೆಕ್ಟ್ರಿಕ್ ಮೋಟಾರಿನ ವೇಗ ಇಳಿಸಿ ಚಕ್ರಕ್ಕೆ ಮುಟ್ಟಿಸುವ ರಿಡಕ್ಷನ್ ಗೇರ್ ಅಲ್ಲಿ ನಿಜವಾಗಿಯೂ ಇದೆ, ಅದಕ್ಕೆ ಆಯಿಲ್ ಬೇಕೇ ಬೇಕು. ಯಾವ ಆಯಿಲ್ ಎಂಬುದರ ಬಗ್ಗೆ ಜಗಳ ಆಗಲೇ ಶುರುವಾಗಿರುತ್ತದೆ.